ಬಕೆಟ್ ಮೇಸ್ತ್ರಿಯ ಕಲ್ಲುಗಳು

ನಮ್ಮ ಹಿತ್ತಲಿಗೆ ಕಲ್ಲು ಹಾಸಿದವನು ಬಕೆಟ್ ಮೇಸ್ತ್ರಿ. ಕೆಲಸಕ್ಕೆ ಮೊದಲು ನೆಲಕ್ಕೊಂದು ಬಕೆಟ್ ನೀರು ಸುರಿದು, ಕುಕ್ಕರುಗಾಲಲ್ಲಿ ಕೂತು, ಅದು ಹರಿಯುವ ದಾರಿ ನೋಡುತ್ತಿದ್ದ. "ನೀರು ಯಾರಪ್ಪನ ಮಾತೂ ಕೇಳಲ್ಲ, ನಾವೇ ಅದರ ಮಾತು ಕೇಳ್ಬೇಕು" ಅನ್ನುತ್ತಿದ್ದ.

ಅವನು ಸತ್ತು ಎಷ್ಟೋ ವರ್ಷಕ್ಕೆ ಕಲ್ಲಿನ ಸಂದಿಯಲ್ಲಿ ಹುಲ್ಲು ಬೆಳೆಯಿತು. ಮಂಡಿನೋವಿನ ಅಕ್ಕ ಎಡವುತ್ತಿದ್ದಳು. ಕಂಟ್ರಾಕ್ಟರನನ್ನು ಕರೆಸಿದೆವು. ಅವನು ಮೊಬೈಲಲ್ಲಿ ಚಿತ್ರ ತೋರಿಸಿ, ಕಲ್ಲಿನ ಮೇಲೇ ಫಳಫಳ ಟೈಲ್ಸ್ ಹಾಕಿದ. ಮೊದಲ ದಿನವೇ ಪಾತ್ರೆ ತೊಳೆದ ನೀರು ನೆಟ್ಟಗೆ ಅಡುಗೆಮನೆಗೆ ನುಗ್ಗಿತು.

ಅಕ್ಕ ಫೋನ್ ಮಾಡಿದರೆ ಕಂಟ್ರಾಕ್ಟರ್, "ಒಣಗುತ್ತೆ ಬಿಡಕ್ಕ" ಅಂದ.

"ನೀನೇ ಬಂದು ಅದ್ರಲ್ಲಿ ಮಲ್ಕೋ, ಒಣಗ್ತೀಯಾ ನೋಡ್ತೀನಿ!"

ಆಮೇಲೆ ಆಸಾಮಿ ಫೋನೇ ಎತ್ತಲಿಲ್ಲ. ಟೈಲ್ಸ್ ನಾವೇ ಕಿತ್ತೆವು. ಅಡಿಯಲ್ಲಿ ಮೇಸ್ತ್ರಿಯ ಒರಟು ಕಲ್ಲುಗಳು ಅಲುಗದೆ ಕೂತಿದ್ದವು. ಅಕ್ಕ ಒಂದು ಬಕೆಟ್ ಸುರಿದಳು. ನೀರು ಸೀದಾ ಮೋರಿಗೆ ಹೋಯಿತು.

"ಹುಲ್ಲು ನೀನು ಕೀಳೋ," ಅಂದಳು ನನಗೆ. "ಕಲ್ಲಿನ ತಂಟೆಗೆ ಹೋಗ್ಬೇಡ."