ಕಾಲುಂಗುರ ತೆಗೆಸಿದ ದಿನ

ಕಾಲ್ಬೆರಳು ನೋಯುವ ಗೆಳತಿಯರೇ, ಕೇಳಿ. ಇವತ್ತು ಗಾಂಧಿ ಬಜಾರಿನ ಬೆಳ್ಳಿ ಅಂಗಡಿಯಲ್ಲಿ ನನ್ನ ಕಾಲುಂಗುರ ಕತ್ತರಿಸಿ ತೆಗೆಸಿದೆ. ಸಂಧಿವಾತದಿಂದ ಬೆರಳಿನ ಗೆಣ್ಣು ಊದಿ, ಉಂಗುರ ಮಾಂಸದೊಳಗೆ ಹೂತುಹೋಗಿತ್ತು. "ಮೊದಲು ಅದನ್ನ ತೆಗೆಸಿ. ಮಾತ್ರೆ, ಅಗಲದ ಚಪ್ಪಲಿ ಎಲ್ಲಾ ಆಮೇಲೆ" ಎಂದಿದ್ದರು ಡಾಕ್ಟರು.

ಅಂಗಡಿಯವರು ಇಕ್ಕಳ ಹಿಡಿದು ಹಿಂಜರಿದರು. "ಯಜಮಾನ್ರಿಗೆ ಗೊತ್ತಾ ಅಮ್ಮಾ?"

"ಹೊರಗೆ ಸ್ಕೂಟರ್ ಮೇಲೆ ಕೂತು ಹಾರ್ನ್ ಹೊಡೀತಿರೋರು ಅವರೇ. ಕತ್ತರಿಸಿ."

ಅರ್ಧ ನೋವು ಅಲ್ಲೇ ಇಳಿಯಿತು. ಆದರೆ ಮನೆಯಲ್ಲಿ ಅತ್ತೆ ಇದ್ದಾರಲ್ಲ! ಕುಂಕುಮವಿಲ್ಲದೆ ಗೇಟಿನವರೆಗೂ ಹೋಗಲು ಬಿಡದವರು. ಸೀರೆ ಇಳಿಬಿಟ್ಟುಕೊಂಡು ಒಳಗೆ ಹೋದರೂ ಅವರ ಕಣ್ಣು ನೇರ ನನ್ನ ಪಾದಕ್ಕೇ ಬಿತ್ತು.

"ತೆಗೆಸ್ಬಿಟ್ಯಾ?"

"ಡಾಕ್ಟ್ರು ಹೇಳಿದ್ರು ಅತ್ತೆ..."

ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿ, ಬೇಸಿಗೆಯಲ್ಲೂ ಬಿಚ್ಚದ ತಮ್ಮ ಸಾಕ್ಸನ್ನು ಮೆಲ್ಲಗೆ ಎಳೆದರು. ಅವರದೂ ಊದಿದ ಬೆರಳು, ಉಂಗುರವಿಲ್ಲ!

"ನಂದು ತೆಗೆಸಿ ಎಷ್ಟೋ ವರ್ಷ ಆಯ್ತು ಕಣೆ. ನಿಮ್ಮಾವ ಗುಂಡುಕಲ್ಲಿನ ಹಾಗೇ ಇದಾರಲ್ಲ! ತಗೋ, ನೀನೂ ಹಾಕ್ಕೋ" ಎಂದು ನನಗೂ ಒಂದು ಜೊತೆ ಸಾಕ್ಸ್ ಕೊಟ್ಟರು.

ಈಗ ಇಬ್ಬರೂ ಸಾಕ್ಸ್ ಹಾಕಿಕೊಂಡು ನಡುಮನೆಯಲ್ಲಿ ನೆಮ್ಮದಿಯಾಗಿ ಕೂತಿದ್ದೇವೆ. ಮಾವ ನೋಡಿ, ಅಯ್ಯೋ ಪಾಪ, ಇಬ್ಬರಿಗೂ ಚಳಿಯೆಂದು ಫ್ಯಾನ್ ಆರಿಸಿ ಹೋದರು.