ಹಲ್ಲಿನಲ್ಲಿ ಕಚ್ಚಿದ ಸೆರಗು

ಪುಟ್ಟೀ, ಚಿನ್ನಾ,

ಹೋದ ತಿಂಗಳು ಛತ್ರದಲ್ಲಿ ಗಟ್ಟಿಮೇಳ ಬಾರಿಸುವ ಹೊತ್ತಿಗೆ ನಾನು ಎದ್ದುಹೋಗಿ ಅಡಿಗೆಮನೆಯ ಹಿಂದೆ ನೀರಿನ ತೊಟ್ಟಿಯ ಪಕ್ಕ ಕೂತುಬಿಟ್ಟಿದ್ದೆ. ನೀವಿಬ್ಬರೂ ಹುಡುಕಿಕೊಂಡು ಬಂದು, "ಯಾಕಜ್ಜಿ, ಯಾರಾದ್ರೂ ಏನಾದ್ರೂ ಅಂದ್ರಾ?" ಅಂತ ಕೇಳಿದಿರಿ. ಯಾರೂ ಏನೂ ಅಂದಿರಲಿಲ್ಲ. ಅಷ್ಟು ಹೇಳುವುದಕ್ಕೂ ನನಗೆ ಬಾಯಿ ಬರಲಿಲ್ಲ.

ನಾನು ಓದಿದ್ದು ಊರ ಶಾಲೆಯಲ್ಲಿ, ಏಳನೇ ತರಗತಿವರೆಗೆ. ಆದರೂ ಮಾತಾಡುವುದಕ್ಕಿಂತ ಬರೆಯುವುದು ನನಗೆ ಸಲೀಸು. ಬರೆಯುವಾಗ ಯಾರೂ ನನ್ನ ಮುಖ ನೋಡುತ್ತಿರುವುದಿಲ್ಲ. ಪುಟ್ಟಿ, ಇದರಲ್ಲಿ ನಿನ್ನ ವಿಷಯವೇ ಹೆಚ್ಚು. ಆಗ ನೀನು ಎರಡನೇ ತರಗತಿ, ಚಿನ್ನ ಹುಟ್ಟಿರಲಿಲ್ಲ. ನಿನಗೆ ನಾನೊಂದು ತಪ್ಪು ಮಾಡಿದ್ದೇನೆ. ನೀನು ಮರೆತಿರಬಹುದು. ನನ್ನಿಂದ ಮರೆಯಲಾಗಿಲ್ಲ.

ಚಿಕ್ಕವಳಿದ್ದಾಗ ನಾನು ಎಲ್ಲರಂತೆ ಇರಲಿಲ್ಲ. ನಮ್ಮ ತಂದೆಯ ಮನೆ ಕೋಡಿಹಳ್ಳಿಯ ಕಡೆ. ಮೇಷ್ಟ್ರು ಪಕ್ಕದ ಹುಡುಗಿಗೆ ಹೊಡೆದರೆ ನನ್ನ ಅಂಗೈ ಉರಿಯುತ್ತಿತ್ತು. ಅವ್ವ ಮೆಣಸಿನಕಾಯಿ ಹುರಿಯಲು ಕೂತರೆ ನಾನು ಹಿತ್ತಲು ದಾಟಿ ಓಡುತ್ತಿದ್ದೆ. ಮನೆಗೆ ಬಂದ ನೆಂಟರು ಒಳಗೊಳಗೇ ಮುನಿಸಿಕೊಂಡಿದ್ದರೆ ಅವರು ಬಾಯಿ ಬಿಡುವ ಮೊದಲೇ ನಾನು ಕದದ ಹಿಂದೆ ಅವಿತುಕೊಳ್ಳುತ್ತಿದ್ದೆ. ಅವ್ವ ಕೆಟ್ಟವಳಲ್ಲ. ನನ್ನ ಮುಂದಿನ ದಿನಗಳನ್ನು ನೆನೆದು ಹೆದರಿದ್ದಳು ಅಷ್ಟೇ.

"ಹಿಂಗೆ ಕಿವಿ ಮೂಗು ಮುಚ್ಕೊಂಡು ಓಡಾಡುದ್ರೆ ಗಂಡನ್ ಮನೇಲಿ ಬಾಳಾಕಾಯ್ತದಾ? ಯಾರ್ಗೂ ತೋರುಸ್ಕೋಬ್ಯಾಡ. ಬಟ್ಟೆ ತುದಿಯ ಹಲ್ಲಲ್ಲಿ ಕಚ್ಕೋ. ನುಂಗ್ಕೋ. ಒಸಿ ಹೊತ್ಗೆ ಹೊಂಟೋಯ್ತದೆ" ಅಂತ ಹೇಳಿಕೊಟ್ಟಳು.

ಕಚ್ಚಿಕೊಂಡೆ. ಮೊದಲು ಲಂಗ, ಆಮೇಲೆ ಸೆರಗು. ಮದುವೆಯಾಗಿ ಈ ಊರಿಗೆ ಬಂದ ಮೇಲೂ ಕಚ್ಚಿಕೊಂಡೇ ಇದ್ದೆ. ಜನ ಅದನ್ನು ನಾಚಿಕೆ ಅಂದುಕೊಂಡರು. "ಸೊಸೆ ಬಾಯಿ ಬಿಚ್ಚಲ್ಲ, ಒಳ್ಳೇ ಹುಡ್ಗಿ" ಅಂದರು.

ಕಚ್ಚಿಕೊಳ್ಳದೆ ಇರಬಹುದಾಗಿದ್ದ ಜಾಗ ಒಂದೇ, ನಮ್ಮ ಹುಳುಮನೆ. ರೇಷ್ಮೆ ಹುಳು ಸಾಕುವ ಮನೆಯ ರೀತಿ ನಿಮಗೆ ಗೊತ್ತು. ಕಾಲು ತೊಳೆದು ಒಳಗೆ ಹೋಗಬೇಕು. ಬೀಡಿ ಸೇದಿದವರು, ಅಗರಬತ್ತಿ ಹಚ್ಚಿದವರು ಹತ್ತಿರ ಸುಳಿಯಬಾರದು. ಪಕ್ಕದಲ್ಲಿ ಒಗ್ಗರಣೆ ಕೂಡ ಹಾಕುವಂತಿಲ್ಲ. ಕೂಗಾಡುವಂತಿಲ್ಲ. ನನ್ನ ಮೈಗೆ ಏನೇನು ಆಗದೋ ಅದೆಲ್ಲ ಅಲ್ಲಿ ಹುಳುವಿಗೂ ಆಗದು. ಬಾಗಿಲು ಹಾಕಿ ಕೂತರೆ ಹುಳು ಸೊಪ್ಪು ತಿನ್ನುವ ಸದ್ದು ಸೋನೆಮಳೆಯಂತೆ ಕೇಳುತ್ತದೆ. ಆ ಸದ್ದು ತೆಳ್ಳಗಾದರೆ ಹುಳು ಜ್ವರಕ್ಕೆ ಕೂರುತ್ತದೆ ಎಂದು ತಿಳಿಯುತ್ತಿತ್ತು ನನಗೆ. ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ತಲೆಯೆತ್ತಿ ಅಲುಗಾಡದೆ ನಿಲ್ಲುತ್ತದಲ್ಲ, ಅದಕ್ಕೆ ನಮ್ಮಲ್ಲಿ ಜ್ವರ ಅನ್ನುವುದು. ನಮ್ಮತ್ತೆ ತಟ್ಟೆಯೊಳಗೆ ಬಗ್ಗಿ ನೋಡಿ ಹೇಳುವ ಮುಂಚೆಯೇ ನಾನು ಹೊಸಿಲ ಮೇಲಿಂದ ಹೇಳುತ್ತಿದ್ದೆ. "ಇವಳ್ಗೆ ಕಿವಿ ಐತೋ ಇಲ್ಲ ಮೊಲದ್ ಕಿವಿ ಕಟ್ಟವ್ರೋ" ಅಂತ ನಗುತ್ತಿದ್ದರು. ಅದೊಂದು ಮೆಚ್ಚುಗೆ ನನಗೆ ವರ್ಷಗಟ್ಟಲೆ ಸಾಕಾಯಿತು.

ನಿಮ್ಮ ತಾತ ಹೋದ ಮೇಲೆ ಹುಳುಮನೆಯೇ ನನಗೆ ಆಸರೆ. ಆಮೇಲೆ ರಸ್ತೆಯ ಆಚೆಯ ಹೊಲಗಳಿಗೆ ಬೇಲಿ ಬಿತ್ತು. ಬಂಡೆ ಸಿಡಿಸಿದರು, ಕಾರ್ಖಾನೆಯ ಶೆಡ್ಡುಗಳು ಎದ್ದವು. ದಿನಕ್ಕೆ ಮೂರು ಸಲ ಸೈರನ್ ಕೂಗತೊಡಗಿತು. ನಿಮ್ಮವ್ವ ಗಾರ್ಮೆಂಟ್ಸಿಗೆ ಸೇರಿ ಬೆಳಗ್ಗೆ ಕಂಪನಿ ಬಸ್ಸು ಹತ್ತುತ್ತಿದ್ದಳು. ಊರಿಗೆ ಕೆಲಸ ಸಿಕ್ಕಿತು, ಸುಳ್ಳು ಹೇಳಬಾರದು. ಆದರೆ ಶಾಲೆ ಇದ್ದದ್ದು ರಸ್ತೆಯ ಪಕ್ಕದಲ್ಲೇ.

ಪುಟ್ಟಿ, ಮಧ್ಯಾಹ್ನದ ಸೈರನ್ ಕೂಗಿದರೆ ನೀನು ಕಿವಿಗೆ ಬೆರಳಿಟ್ಟು ಮೇಜಿನ ಕೆಳಗೆ ತೂರಿಕೊಳ್ಳುತ್ತಿದ್ದೆಯಂತೆ. ಹುಡುಗರಿಗೆ ಅದೇ ಆಟವಾಯಿತು. ಹಿಂದಿನಿಂದ ಬಂದು ಕಿವಿಯಲ್ಲಿ "ವೂಂ" ಅನ್ನುತ್ತಿದ್ದರು. ನೀನು ಮನೆಗೆ ಬಂದು ಚೀಲ ಎಸೆದು ದೀಪ ಹಚ್ಚುವವರೆಗೂ ಅಳುತ್ತಿದ್ದೆ. ನಿಮ್ಮಪ್ಪ ಕೆಲಸದಿಂದ ಬಂದವನು ತಲೆ ಮೇಲೆ ಕೈಹೊತ್ತು, "ಏನವ್ವ ಇದು, ದಿನಾ ಇದೇ ರಂಪ! ಬೇರೆ ಮಕ್ಳು ಇಲ್ವಾ ಆ ಸ್ಕೂಲಲ್ಲಿ?" ಅಂತ ನನ್ನನ್ನು ಕೇಳುತ್ತಿದ್ದ.

ನನ್ನನ್ನೇ ಯಾಕೆ ಕೇಳುತ್ತಾನೆ? ಇದು ನನ್ನಿಂದಲೇ ಮಗುವಿಗೆ ಬಂದಿದೆ, ಇವನಿಗೆ ಅದು ಗೊತ್ತಾಗಿದೆ ಅನ್ನಿಸುತ್ತಿತ್ತು. ಅವನಿಗೆ ಏನೂ ಗೊತ್ತಿರಲಿಲ್ಲ.

ಒಂದು ದಿನ ಸೊಪ್ಪು ಕುಯ್ಯಲು ನಿನ್ನನ್ನು ತೋಟಕ್ಕೆ ಕರೆದುಕೊಂಡು ಹೋದೆ. ಬದುವಿನ ಮೇಲೆ ಕೂರಿಸಿಕೊಂಡು ನಮ್ಮವ್ವ ನನಗೆ ಹೇಳಿದ್ದನ್ನೇ ಹೇಳಿದೆ. "ಅತ್ರೆ ನಗ್ತಾರೆ ಮಗಾ. ಲಂಗದ ತುದಿ ಕಚ್ಕೋ. ನುಂಗ್ಕೋ. ಯಾರ್ಗೂ ಹೇಳ್ಬ್ಯಾಡ." ನೀನು ನನ್ನ ಮುಖವನ್ನೇ ನೋಡುತ್ತ ತಲೆಯಾಡಿಸಿದೆ. ಹೇಳಿದ ಮಾತು ಕೇಳುವ ಮಗು ನೀನು.

ಅಳು ನಿಂತಿತು. "ನೋಡ್ದಾ, ಸರಿಹೋದ್ಲು" ಅಂತ ನಿಮ್ಮಪ್ಪ ಗೆದ್ದವನ ಹಾಗೆ ಓಡಾಡಿದ. ನನಗೂ ಹಾಯೆನಿಸಿತು. ಹದಿನೈದು ದಿನ ಕಳೆದಿರಬಹುದು. ಮಾತೂ ನಿಂತಿತು. ಮೊದಲು ಶಾಲೆಯಲ್ಲಿ ನಿಂತಿತು, ಅದು ನಮಗೆ ತಿಳಿಯಲಿಲ್ಲ. ಆಮೇಲೆ ಮನೆಯಲ್ಲೂ. ಬಾಯಾರಿದರೆ ನೀನು ಚೊಂಬು ತೋರಿಸುತ್ತಿದ್ದೆ. ನಿನ್ನ ಲಂಗ ಒಗೆಯುವಾಗ ನೋಡಿದೆ, ಅಂಚು ಪೂರ್ತಿ ಜಗಿದು ನೂಲು ನೂಲಾಗಿತ್ತು. ನಿಮ್ಮವ್ವನಿಗೆ ಕಾಣಿಸೀತು ಅಂತ ಹೆದರಿ ನಾನು ಅದೇ ಬಣ್ಣದ ದಾರ ಹುಡುಕಿ ಹೊಲಿದೆ. ಎರಡು ದಿನಕ್ಕೆ ಮತ್ತೆ ಹರಿಯಿತು. ಮತ್ತೆ ಹೊಲಿದೆ. ಯಾರ ಮುಂದೆಯೂ ಬಾಯಿ ಮಾತ್ರ ಬಿಡಲಿಲ್ಲ.

ಪಕ್ಕದ ಮನೆಯಾಕೆ, "ಗಾಳಿ ಸೋಕೈತೆ, ತಾಯತ ಕಟ್ಟುಸ್ರವ್ವ" ಅಂದಳು. ಕಟ್ಟಿಸಿದೆವು. ಶಾಲೆಯ ಮೇಡಂ ನಿಮ್ಮವ್ವನನ್ನು ಕರೆಸಿ, ಮಗು ಬಾಯಿಯೇ ಬಿಡದಿದ್ದರೆ ಪಾಠ ಒಪ್ಪಿಸುವುದು ಹೇಗೆ, ಮೂರು ತಿಂಗಳು ನೋಡುತ್ತೇನೆ, ಆಗಲೂ ಮಾತಾಡದಿದ್ದರೆ ಈ ವರ್ಷ ಮನೆಯಲ್ಲೇ ಇಟ್ಟುಕೊಳ್ಳಿ ಅಂದರಂತೆ. ಅವತ್ತು ನಿಮ್ಮವ್ವ ಕಂಪನಿ ಬಸ್ಸು ಇಳಿದು ಮನೆಯೊಳಗೆ ಬರದೆ ಜಗಲಿಯ ಮೇಲೇ ಕೂತಳು. ಕೆಲಸದ ಕಡೆಯ ಗೆಳತಿ ಯಾರೋ ಹೇಳಿದ್ದರಂತೆ, ರಾಮನಗರದ ಆಸ್ಪತ್ರೆಗೆ ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರು ಬರುತ್ತಾರೆ ಅಂತ.

"ಹುಚ್ಚರ ಡಾಕ್ಟ್ರಾ? ಊರ್ನೋರು ಏನಂದಾರು?" ಅಂದ ನಿಮ್ಮಪ್ಪ.

"ಊರ್ನೋರು ಬಂದು ನನ್ ಮಗೀನ ಮಾತಾಡುಸ್ತಾರಾ? ಹೇಳು ಮತ್ತೆ. ಮಾತಾಡುಸ್ತಾರೆ ಅಂದ್ರೆ ನಾನು ಹೋಗಲ್ಲ."

ಆ ಬೆಳೆಯ ರೇಷ್ಮೆಗೂಡು ಬಿಡಿಸಿದ ಮಾರನೆಯ ದಿನ ಹೊರಟೆವು. ಕೇಳಿದವರಿಗೆ "ಮಾರ್ಕೆಟ್ಟಿಗೆ ಗೂಡು ಹಾಕಾಕೆ" ಅಂದೆವು. ಗೂಡಿನ ಚೀಲದ ಜೊತೆ ಮನೆಮಂದಿಯೆಲ್ಲ ಯಾಕೆ ಅಂತ ಯಾರೂ ಕೇಳಲಿಲ್ಲವಾದರೂ, ಕನಕಪುರ ದಾಟುವವರೆಗೆ ನಾನು ಬಸ್ಸಿನಲ್ಲಿ ತಲೆ ಎತ್ತಲಿಲ್ಲ. ನಿಮ್ಮಪ್ಪ ಮಾರ್ಕೆಟ್ಟಿನಲ್ಲಿ ಉಳಿದ. ನಾವು ಮೂವರು ಆಸ್ಪತ್ರೆಗೆ ಹೋದೆವು.

ಡಾಕ್ಟರು ಹೆಣ್ಣುಮಗಳು, ನಿಮ್ಮವ್ವನಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ನಿಮ್ಮವ್ವ ಕುರ್ಚಿಯ ಅಂಚಿನಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದಳು. ನೀನು ಅವಳ ಮಗ್ಗುಲಲ್ಲಿ ಲಂಗ ಕಚ್ಚಿಕೊಂಡು ನಿಂತಿದ್ದೆ. ನಾನು ಬಾಗಿಲಿನ ಹತ್ತಿರ. ಹೊರಗೆ ಯಾವುದೋ ಮಗುವಿಗೆ ಸೂಜಿ ಚುಚ್ಚಿದರು, ಅದು ಚಿಟ್ಟನೆ ಚೀರಿತು.

ಡಾಕ್ಟರು ನಿನ್ನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಅಜ್ಜಿ, ನೀವೂ ಸೆರಗು ಕಚ್ಕೊಂಡಿದ್ದೀರಲ್ಲ?"

ಆಗಲೇ ನನಗೂ ಗೊತ್ತಾದದ್ದು, ಬಾಯಲ್ಲಿ ಸೆರಗು ಇದೆ ಅಂತ. ನಿಮ್ಮವ್ವ ತಿರುಗಿ ನನ್ನ ಬಾಯಿ ನೋಡಿದಳು. ನಿನ್ನ ಲಂಗದ ಅಂಚು ಎತ್ತಿ ನಾನು ಹಾಕಿದ ಹೊಲಿಗೆ ನೋಡಿದಳು. ಅವಳು ಬೈದಿದ್ದರೆ ನಾನು ನುಂಗಿಕೊಂಡು ಸುಮ್ಮನಿರುತ್ತಿದ್ದೆನೇನೋ.

"ನಾನೇ ಹೇಳ್ಕೊಟ್ಟೆ" ಅಂದೆ. "ಮಗೀಗೆ ನಾನೇ ಹೇಳ್ಕೊಟ್ಟೆ ಕಣವ್ವ."

"ಯಾಕತ್ತೆ?"

"ನನ್ಗೂ ಹಂಗೇ ಆಯ್ತದೆ. ಚಿಕ್ಕೋಳಿದ್ದಾಗ್ಲಿಂದ."

ಹಾಗೆ ಬಾಯಿಬಿಟ್ಟು ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ನಿಮ್ಮ ತಾತನಿಗೂ ಹೇಳಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತೆ. ಡಾಕ್ಟರು ಕುರ್ಚಿ ಬಿಟ್ಟು ಒಂದು ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ ಬಂದರು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಕೆಲವರು ಹುಟ್ಟುವಾಗಲೇ ಹೀಗಿರುತ್ತಾರಂತೆ. ಸದ್ದು, ವಾಸನೆ, ಬೇರೆಯವರ ನೋವು, ಎಲ್ಲವೂ ಅವರಿಗೆ ಬೇಗ ತಾಕುತ್ತದೆ, ಹೆಚ್ಚು ತಾಕುತ್ತದೆ. ಅದು ಕಾಯಿಲೆಯಲ್ಲ. ಆದರೆ ಭಯವನ್ನು ಒಳಗೇ ಅದುಮಿ ಅದುಮಿ ಇಟ್ಟರೆ ಅದು ಬೇರೆ ರೂಪದಲ್ಲಿ ಕಾಡುತ್ತದೆ. ಮಗುವಿನ ಮಾತು ಹೋಗಿಲ್ಲ, ಹೆದರಿ ಅಡಗಿದೆ. ಹದಿನೈದು ದಿನಕ್ಕೊಮ್ಮೆ ಕರೆದುಕೊಂಡು ಬನ್ನಿ ಅಂದರು.

"ಮನೆಯಲ್ಲಿ ಇವಳು ನೆಮ್ಮದಿಯಾಗಿರೋ ಜಾಗ ಯಾವುದು?"

ನಿಮ್ಮವ್ವ ಯೋಚಿಸುತ್ತಿದ್ದಳು. ನಾನು "ಹುಳುಮನೆ" ಅಂದೆ. ಅವರಿಗೆ ಹುಳು ಸಾಕಣೆ ಗೊತ್ತಿರಲಿಲ್ಲ. ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಅಪರಿಚಿತರ ಮುಂದೆ ನಾನು ಅಷ್ಟು ಮಾತಾಡಿದ್ದು ನೋಡಿ ನಿಮ್ಮವ್ವ ಬಾಯಿ ತೆರೆದುಕೊಂಡು ಕೂತಳು. ಜ್ವರಕ್ಕೆ ಕೂತಾಗ ಏನು ಮಾಡ್ತೀರಿ ಅಂದರು. ಏನೂ ಮಾಡಲ್ಲ, ಸೊಪ್ಪು ಹಾಕಲ್ಲ, ಮುಟ್ಟಲ್ಲ, ತಾವಾಗಿ ಏಳೋವರೆಗೂ ಕಾಯ್ತೀವಿ ಅಂದೆ.

"ಸ್ಕೂಲಿಂದ ಬಂದ ತಕ್ಷಣ ಮಗೂನ ಏನು ಮಾಡ್ತೀರಿ?"

"ಏನಾಯ್ತು, ಯಾರು ಏನಂದ್ರು, ಉಣ್ಣು ಬಾ, ಬಾಯಿ ಬಿಡು ಅಂತ ಕೇಳ್ತೀವಿ..." ಹೇಳುತ್ತಾ ಹೇಳುತ್ತಾ ನಾನೇ ನಿಲ್ಲಿಸಿದೆ.

ಅಂದಿನಿಂದ ನೀನು ಶಾಲೆಯಿಂದ ಬಂದರೆ ಸೀದಾ ಹುಳುಮನೆ. ಒಂದು ಗಂಟೆ ಯಾರೂ ಏನೂ ಕೇಳುವಂತಿಲ್ಲ. ನನಗೂ ಡಾಕ್ಟರು ಒಂದು ಕೆಲಸ ಕೊಟ್ಟಿದ್ದರು. ನನಗೆ ಆಗದ್ದನ್ನು ನಿನ್ನ ಮುಂದೆ ದಿನಕ್ಕೊಂದು ಸಲ ಬಾಯಿಬಿಟ್ಟು ಹೇಳಬೇಕು. ಹುಳುಮನೆಯಲ್ಲಿ ನೂರು ತಟ್ಟೆ ತೆಗೆದು ಹಾಕು ಅಂದರೂ ಅದಕ್ಕಿಂತ ಸುಲಭವಾಗಿರುತ್ತಿತ್ತು. ಸೈರನ್ ಕೂಗಿದಾಗ, "ಅಯ್ಯೋ, ಇದು ನನ್ನ ಹೊಟ್ಟೆ ಒಳ್ಗೇ ಕೂಗ್ದಂಗಾಯ್ತದೆ" ಅಂದೆ. ಮೊದಲ ದಿನ ಗೋಡೆ ಕಡೆ ತಿರುಗಿ ಹೇಳಿದೆ.

ನಿಮ್ಮಪ್ಪ, "ಏನವ್ವ, ಮಗೀಗೆ ತೋರ್ಸಾಕೆ ಹೋಗಿ ನೀನೂ ಅಂಟುಸ್ಕೊಂಡ್ ಬಂದ್ಬುಟ್ಯಾ?" ಅಂತ ನಕ್ಕ.

"ಅಂಟುಸ್ಕೊಂಡಿದ್ದಲ್ಲ ಕಣಪ್ಪ, ಮೊದ್ಲಿಂದ್ಲೂ ಇತ್ತು. ನಿಂಗೆ ಕಾಣ್ಲಿಲ್ಲ."

ಅವನ ನಗು ಅಲ್ಲಿಗೇ ನಿಂತಿತು.

ಒಂದು ತಿಂಗಳಾಯಿತು, ಎರಡಾಯಿತು. ನೀನು ಮಾತಾಡಲಿಲ್ಲ. ಮೇಡಂ ಕೊಟ್ಟ ಗಡುವು ಹತ್ತಿರವಾಗುತ್ತಿತ್ತು. ಮಗುವಿನ ಮಾತು ಕಿತ್ತುಕೊಂಡವಳು ನಾನು, ಅದು ಇನ್ನು ಬರದೇ ಹೋದರೆ ಏನು ಗತಿ ಅಂತ ನಿನ್ನ ಬಾಯಿಯನ್ನೇ ನೋಡುತ್ತಿದ್ದೆ. ಹಾಗೆ ನೋಡಬೇಡಿ ಅಂತಲೂ ಡಾಕ್ಟರು ಹೇಳಿದ್ದರು. ಅದನ್ನು ಮಾತ್ರ ಪಾಲಿಸಲಾಗಲಿಲ್ಲ.

ಮುಂದಿನ ಬೆಳೆ ನಾಲ್ಕನೇ ಜ್ವರಕ್ಕೆ, ಅಂದರೆ ಕೊನೆಯ ಪೊರೆಗೆ ಬಂದಿತ್ತು. ಸಂಜೆ ನಾಲ್ಕೂವರೆ ಇರಬಹುದು. ನೀನು ತಟ್ಟೆಯ ಹತ್ತಿರ ಮೊಣಕಾಲು ಅಪ್ಪಿಕೊಂಡು ಕೂತಿದ್ದೆ, ನಾನು ಗೋಡೆಗೆ ಒರಗಿದ್ದೆ. ನಿಮ್ಮಪ್ಪ ಬೀಡಿ ಸೇದಿ ಮರೆತು ಸೀದಾ ಒಳಗೆ ಬಂದುಬಿಟ್ಟ. ನಾನು ಮೂಗು ಮುಚ್ಚಲು ಸೆರಗು ಎತ್ತಿದೆ.

"ಅಪ್ಪಾ, ಬೀಡಿ ವಾಸ್ನೆ. ಆಚೆಗೆ ಹೋಗು. ಹುಳ ಜ್ವರಕ್ಕೆ ಕೂತವೆ, ಗೊತ್ತಾಗಲ್ವಾ?"

ನಿನ್ನ ಧ್ವನಿ ಒರಟಾಗಿತ್ತು, ಬಹಳ ದಿನ ಬಳಸದ ಕೀಲಿನ ಹಾಗೆ. ನಿಮ್ಮಪ್ಪ ಬೈಸಿಕೊಂಡ ಹುಡುಗನಂತೆ ಹಿಂದೆ ಹಿಂದೆಯೇ ಹೆಜ್ಜೆಯಿಟ್ಟು ಹೊರಗೆ ಹೋದ. ನಾನು ನಿನ್ನನ್ನು ಅಪ್ಪಿಕೊಳ್ಳಲಿಲ್ಲ, ಮತ್ತೊಂದು ಮಾತಾಡು ಅನ್ನಲಿಲ್ಲ. ಸುಮ್ಮನೆ ಕೂತಿರುವುದಕ್ಕೆ ಅವತ್ತು ನನ್ನ ಶಕ್ತಿಯೆಲ್ಲ ಬೇಕಾಯಿತು.

ಆಮೇಲೆ ಎಲ್ಲವೂ ನೆಟ್ಟಗಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಶಾಲೆಯಲ್ಲಿ ನೀನು ಬಾಯಿಬಿಡಲು ಇನ್ನೂ ಮೂರು ತಿಂಗಳು ಹಿಡಿಯಿತು. ಮನೆಯಲ್ಲಿ ಮಾತು ಬಂತೆಂದು ತಿಳಿದು ಮೇಡಂ ಗಡುವು ಬಿಟ್ಟು, ನಿನ್ನನ್ನು ರಸ್ತೆಗೆ ದೂರವಾದ ಗೋಡೆಯ ಪಕ್ಕ ಕೂರಿಸಿದರು. ನಿಮ್ಮವ್ವ ನನ್ನನ್ನು ಬೈಯಲಿಲ್ಲ, ಆದರೆ ಆ ಹೊಲಿಗೆಯ ವಿಷಯ ನಾವಿಬ್ಬರೂ ಇಂದಿಗೂ ಎತ್ತಿಲ್ಲ. ಛತ್ರದಲ್ಲಿ ನಾನು ಎದ್ದುಹೋದಾಗ "ಅತ್ತೆಗೆ ಸದ್ದು ಆಗಲ್ಲ, ಒಸಿ ಬುಟ್ಬುಡಿ" ಅಂತ ನೆಂಟರಿಗೆ ಹೇಳಿದ್ದು ಅವಳೇ. ನನಗೆ ಇನ್ನೂ ಹೆದರಿಕೆ ಇದೆ. ಚಿನ್ನ ಪಟಾಕಿ ಸದ್ದಿಗೆ ಬೆಚ್ಚಿದಾಗಲೆಲ್ಲ ನನ್ನ ಕಣ್ಣು ಮೊದಲು ಅವನ ಅಂಗಿಯ ಅಂಚಿಗೆ ಹೋಗುತ್ತದೆ.

ಈ ಹಾಳೆಗಳನ್ನು ಜೋಪಾನವಾಗಿ ಇಡಿ ಮಕ್ಕಳೇ. ಆ ಲಂಗವೂ ನನ್ನ ಪೆಟ್ಟಿಗೆಯಲ್ಲಿದೆ, ಅದರ ಮಡಿಕೆಯಲ್ಲಿ ಇವನ್ನು ಇಡಿ. ನುಸಿಗುಳಿಗೆ ಹಾಕಬೇಡಿ, ಅದರ ವಾಸನೆ ನಮ್ಮಲ್ಲಿ ಯಾರಿಗೂ ಆಗದು, ಒಣಗಿದ ಬೇವಿನ ಸೊಪ್ಪು ಸಾಕು. ಮುಂದೆ ನಿಮ್ಮ ಮನೆಯ ಮಗುವೊಂದು ಬಟ್ಟೆ ಕಚ್ಚಿಕೊಂಡು ನಿಂತರೆ, ಅದಕ್ಕೆ ಏನಾದರೂ ಹೇಳಿಕೊಡುವ ಮೊದಲು ಇದನ್ನು ತೆಗೆದು ಓದಿ. ಅಲ್ಲಿಯವರೆಗೆ ಕಳೆಯಬೇಡಿ.