ಗುಡ್ಡದ ಮಕ್ಕಳನ್ನು ಕೇಳಿದವಳು

ಕಮಲಾಪುರದ ಹಂಪಕ್ಕ ಬಾಳೆತೋಟದಲ್ಲಿ ಕೂಲಿ ಮಾಡುವವರ ಮಗಳು. ಹೊಸಪೇಟೆಯಲ್ಲಿ ಬಿ.ಎ. ಮುಗಿಸಿದ ಮೇಲೆ ಅವಳಿಗೆ ಸಿಕ್ಕ ಮೊದಲ ಕೆಲಸ ಮಕ್ಕಳನ್ನು ಮಾತಾಡಿಸುವುದು. ಸಂಡೂರಿನ ಗಣಿಗಳ ಸುತ್ತ ಬೆಳೆಯುವ ಮಕ್ಕಳು ಏನು ಉಣ್ಣುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಎಂದು ಒಂದು ಸಂಸ್ಥೆ ಸಮೀಕ್ಷೆ ನಡೆಸುತ್ತಿತ್ತು. ಸರ್ಕಾರದ ಯೋಜನೆಗಳಿಗೆ ಇದೇ ಆಧಾರ ಎಂದು ತರಬೇತಿಯಲ್ಲಿ ಹೇಳಿದ್ದರು. ಹಂಪಕ್ಕ ಅದನ್ನು ಮನಸಾರೆ ನಂಬಿದಳು.

ಅದು 2006ರ ಬೇಸಿಗೆ. ಗುಡ್ಡದ ಬುಡದಲ್ಲಿ ತಾಡಪತ್ರಿ ಹೊದಿಸಿದ ಗುಡಿಸಲುಗಳು, ಎದುರಿಗೇ ಅದಿರು ಒಡೆಯುವ ಜಾಗ. ಕೂಲಿಯ ಜಂಬವ್ವನ ಪಕ್ಕ ಅವಳ ಮಗಳು ಎರ್ರೆಮ್ಮನೂ ಸುತ್ತಿಗೆ ಹಿಡಿದು ಕೂತಿದ್ದಳು. ಎಂಟೊಂಬತ್ತು ವರ್ಷದವಳು, ರೆಪ್ಪೆಯ ಮೇಲೂ ಕೆಂಪು ಧೂಳು. ಮೇಸ್ತ್ರಿ ನೋಡುತ್ತಲೇ ಇದ್ದ. ಹಂಪಕ್ಕ ಹುಡುಗಿಯನ್ನು ಬೇವಿನ ಮರದಡಿಗೆ ಕರೆದೊಯ್ದಳು.

"ನಿನಗ ಯಾವಾಗ ಖುಷಿ ಆಗತೈತಿ?"

"ಲಾರಿ ಬರದಿದ್ರ."

"ಅಂಜಿಕಿ?"

"ಕೆಮ್ಮಿಂದು ಅಕ್ಕಾ. ತಮ್ಮ ಕೆಮ್ಮಿ ಕೆಮ್ಮಿ ಸತ್ತ. ಈಗ ನನಗೂ ಬರತೈತಿ. ಅವ್ವಗ ಹೇಳಬ್ಯಾಡ."

ಮರುದಿನ ಹಂಪಕ್ಕ ಕೆಮ್ಮಿನ ಔಷಧ ತೆಗೆದುಕೊಂಡು ಹೋದಾಗ ಜಂಬವ್ವ ಪಾತ್ರೆ ಗಂಟು ಕಟ್ಟುತ್ತಿದ್ದಳು.

"'ಹುಡುಗಿ ಏನೇನೋ ಹೇಳ್ಯಾಳ, ನಡೀರಿ ಇಲ್ಲಿಂದ' ಅಂದ ಮೇಸ್ತ್ರಿ. ನಿಮ್ ಪ್ರಶ್ನಿ ನಮ್ ಕೂಲಿ ತಿಂದ್ವು ನೋಡ್ರಿ. ಆಕಿ ಕೆಮ್ಮೋದು ನನಗ ಗೊತ್ತಿಲ್ಲೇನು?" ಎಂದಳು. ಔಷಧವನ್ನು ಮಾತ್ರ ಇಸಿದುಕೊಂಡಳು.

ಸಮೀಕ್ಷೆಯ ಮುಖ್ಯಸ್ಥ ಮನೋಹರ್ ಹಂಪಕ್ಕನ ಮಾತನ್ನು ಪೂರ್ತಿ ಕೇಳಿಸಿಕೊಂಡರು. "ಒಂದೇ ಮಗುವಿನ ಹಿಂದೆ ಹೋಗೋಕಾಗಲ್ಲಮ್ಮ. ವರದಿ ಬರಲಿ, ಎಲ್ಲರಿಗೂ ಒಳ್ಳೇದಾಗುತ್ತೆ."

ಭಾನುವಾರಗಳಂದು ಹಂಪಕ್ಕ ತಾನೇ ತಾಯಿಮಗಳನ್ನು ಹುಡುಕಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ತೋರಣಗಲ್ಲಿನಲ್ಲಿ, ಕಟ್ಟುತ್ತಿದ್ದ ಮನೆಗಳ ಸಾಲಿನಲ್ಲಿ, ಎರ್ರೆಮ್ಮ ಉಸುಕು ಹೊರುತ್ತಿರುವುದು ಕಂಡಿತು. ಇನ್ನಷ್ಟು ಸೊರಗಿದ್ದಳು.

"ಹೆಂಗದೀಯವ್ವ?"

ಹುಡುಗಿ ಮೊದಲು ಸುತ್ತ ನೋಡಿದಳು. "ಚೊಲೋ ಅದೀನ್ರಿ."

"ಕೆಮ್ಮು?"

"ಇಲ್ರಿ. ಏನೂ ಇಲ್ರಿ."

ಅಷ್ಟರಲ್ಲಿ ಜಂಬವ್ವ ಓಡಿಬಂದು ಕೈಮುಗಿದಳು. "ಇಲ್ಲಾದ್ರೂ ಇರಾಕ ಬಿಡ್ರಿ ನಮ್ಮನ್ನ."

ಹಂಪಕ್ಕ ಹಿಂತಿರುಗಿದಳು.

ಮರುವರ್ಷ ವರದಿ ಬಂತು. ಅದರ ಬಲದಿಂದಲೇ ಆ ಗುಡ್ಡದಡಿ ಒಂದು ಟೆಂಟ್ ಶಾಲೆ ಶುರುವಾಯಿತು, ಮಧ್ಯಾಹ್ನದ ಊಟವೂ ಬಂತು. ಹಂಪಕ್ಕ ಅಲ್ಲೇ ಟೀಚರಾದಳು. ಎರ್ರೆಮ್ಮನನ್ನು ಕರೆತರಲೆಂದು ಮತ್ತೆ ತೋರಣಗಲ್ಲಿಗೆ ಹೋದಳು. ಮನೆಗಳಿಗೆ ಸುಣ್ಣಬಣ್ಣವಾಗಿ ಸಂಸಾರಗಳು ಬಂದಿದ್ದವು.

"ಕೂಲಿ ಮಂದಿ ಎಲ್ಲಿ ಹೋಗ್ತಾರಂತ ಯಾರಿಗ್ ಗೊತ್ರಿ?" ಎಂದ ಕಾವಲುಗಾರ. "ಕೆಮ್ಮತಿದ್ದ ಒಂದು ಹುಡುಗಿಗೆ ಭಾಳ ಆರಾಮಿದ್ದಿಲ್ಲ. ಹೊತಗೊಂಡು ಹೋದ್ರು."